ಸ್ವದೇಶಿ ಎಂದು ಕೊಳ್ಳುವ ಮೊದಲು ಕೆಲಸ ಎಲ್ಲಿದೆ ಎಂದು ನೋಡುವ ಬಗೆ: ಕಲ್ಯಾಣ ಕರ್ನಾಟಕದ ಗ್ರಾಹಕರಿಗೆ ಒಂದು ಕೈಪಿಡಿ

ಪ್ಯಾಕೆಟ್ಟಿನ ಮೇಲೆ ತ್ರಿವರ್ಣದ ಪಟ್ಟಿ ಮುದ್ರಿಸಿ, ನಮ್ಮ ದೇಶದ ವಸ್ತುವನ್ನೇ ಕೊಳ್ಳಿರೆಂದು ಜಾಹೀರಾತು ಕೊಡುವ ಕಂಪನಿಯು ಅದೇ ವರ್ಷ ತನ್ನ ಕಾಯಂ ನೌಕರರ ಸಂಖ್ಯೆಯನ್ನು ಇಳಿಸಿ, ಅವರು ಮಾಡುತ್ತಿದ್ದ ಕೆಲಸವನ್ನು ಏಜೆನ್ಸಿಯವರಿಗೋ ಹೊರದೇಶದ ಕಾರ್ಖಾನೆಗೋ ಒಪ್ಪಿಸಬಹುದು. ಜಾಹೀರಾತಿನ ಕರೆಗೂ ನೌಕರಿಯ ಲೆಕ್ಕಕ್ಕೂ ತಾಳೆಯಿರಬೇಕೆಂದು ಯಾರೂ ಆ ಕಂಪನಿಯನ್ನು ಕೇಳುವುದಿಲ್ಲ. ಆದುದರಿಂದ ತಮ್ಮ ಹಣ ಯಾರ ದುಡಿಮೆಗೆ ಸೇರುತ್ತಿದೆ ಎಂಬುದನ್ನು ಕೊಳ್ಳುವವರೇ ಪರಿಶೀಲಿಸಿಕೊಳ್ಳಬೇಕಾಗುತ್ತದೆ. 2025ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ ಸ್ವದೇಶಿ ವಸ್ತುಗಳಿಗೆ ಆದ್ಯತೆ ಕೊಡುವಂತೆ ಕರೆ ನೀಡಿದ ಮೇಲೆ ಅದನ್ನು ಮನಸ್ಸಿಗೆ ಹಚ್ಚಿಕೊಂಡ ಕುಟುಂಬಗಳು ಕಲಬುರಗಿ, ಬೀದರ್, ಯಾದಗಿರಿಗಳಲ್ಲಿಯೂ ಇವೆ. ಆ ಕರೆಗೆ ಓಗೊಡುವವರ ಶ್ರದ್ಧೆ ನಿಜವಾದದ್ದು. ಅದು ವ್ಯರ್ಥವಾಗದಂತೆ ನೋಡಿಕೊಳ್ಳಲು ಬೇಕಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಇಂತಹ ವ್ಯವಹಾರ ನಮ್ಮಲ್ಲಿಯೇ ಹುಟ್ಟಿದ್ದೇನೂ ಅಲ್ಲ. ಅಮೆರಿಕದ ವಾಲ್‌ಮಾರ್ಟ್ ಕಂಪನಿಯು 1985ರಲ್ಲಿ ಸ್ವದೇಶಿ ವಸ್ತುಗಳನ್ನೇ ಕೊಳ್ಳುವ ಅಭಿಯಾನವನ್ನು ಆರಂಭಿಸಿ ಅಂಗಡಿಗಳಲ್ಲಿ ದೊಡ್ಡ ಫಲಕಗಳನ್ನು ಹಾಕಿತು. 1992ರ ಡಿಸೆಂಬರಿನಲ್ಲಿ ಅಲ್ಲಿನ ಎನ್‌ಬಿಸಿ ವಾಹಿನಿಯು ಪ್ರಸಾರ ಮಾಡಿದ ವರದಿಯಲ್ಲಿ, ಅಮೆರಿಕದಲ್ಲಿ ತಯಾರಾದದ್ದು ಎಂಬ ಫಲಕದ ಕೆಳಗೇ ಹೊರದೇಶದಿಂದ ಬಂದ ಬಟ್ಟೆಗಳು ತೂಗುತ್ತಿದ್ದುದು ಕಂಡುಬಂದಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈಗ, ಇಡೀ ವಸ್ತು ಅಥವಾ ಹೆಚ್ಚುಕಡಿಮೆ ಇಡೀ ವಸ್ತು ಆ ದೇಶದಲ್ಲಿಯೇ ತಯಾರಾಗಿದ್ದರೆ ಮಾತ್ರ ಷರತ್ತಿಲ್ಲದೆ ಹಾಗೆ ಬರೆದುಕೊಳ್ಳಬಹುದು ಎಂಬ ಕಟ್ಟುನಿಟ್ಟಿನ ಅಳತೆಯನ್ನು ಇಟ್ಟಿದೆ. ಇತ್ತ ಅಮೆರಿಕದ ಕಂಪನಿಗಳು ಹೊರಗೆ ಕೊಟ್ಟ ಸಾಫ್ಟ್‌ವೇರ್ ಕೆಲಸದ ದೊಡ್ಡ ಪಾಲು ಬೆಂಗಳೂರಿಗೆ ಮತ್ತು ಹೈದರಾಬಾದಿಗೆ ಬಂದಿತು, ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಅದರಿಂದ ಬದುಕು ಕಟ್ಟಿಕೊಂಡರು. ಈ ಸಂಗತಿಯನ್ನು ಮರೆಯದಿದ್ದರೆ, ನಮ್ಮ ಪ್ರಶ್ನೆಯು ಬೇರೆ ದೇಶದ ಕಾರ್ಮಿಕನ ಕಡೆಗಾಗಲಿ, ಬಿಹಾರದಿಂದ ಬಂದು ಇಲ್ಲಿನ ಗಿರಣಿಯಲ್ಲಿ ದುಡಿಯುವವನ ಕಡೆಗಾಗಲಿ ತಿರುಗದೆ, ಕೇಳಬೇಕಾದ ಕಂಪನಿಯ ಕಡೆಗೇ ತಿರುಗುತ್ತದೆ. ನಮ್ಮ ಜನರೂ ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವವರೇ.

ಎಲ್ಲಿಂದ ಆರಂಭಿಸಬೇಕು

ಮನೆಗೆ ಬರುವ ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸಲು ಹೊರಟರೆ ಎರಡು ವಾರದಲ್ಲಿ ಬೇಸರ ಬಂದು ಕೆಲಸ ನಿಂತುಹೋಗುತ್ತದೆ. ಒಂದು ತಿಂಗಳ ಕಿರಾಣಿ ಚೀಟಿಯನ್ನು ಎದುರಿಗಿಟ್ಟುಕೊಂಡು, ತಿಂಗಳು ತಿಂಗಳೂ ತಪ್ಪದೆ ಕೊಳ್ಳುವ ಐದಾರು ವಸ್ತುಗಳನ್ನು ಮಾತ್ರ ಆರಿಸಿಕೊಳ್ಳಿರಿ. ಬೇಳೆ, ಎಣ್ಣೆ, ಸಾಬೂನು, ಬಟ್ಟೆ ಒಗೆಯುವ ಪುಡಿ, ಚಹಾಪುಡಿ, ಬಿಸ್ಕತ್ತು ಇವು ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಬರುತ್ತವೆ. ಮದುವೆಯ ಜವಳಿ, ಶಾಲೆಯ ಸಮವಸ್ತ್ರ, ಮನೆ ಕಟ್ಟುವ ಸಿಮೆಂಟು, ಕಲ್ಲು ಮುಂತಾದ ದೊಡ್ಡ ಖರೀದಿಗಳಿಗೆ ಬೇರೊಂದು ಪಟ್ಟಿ ಮಾಡಿಕೊಳ್ಳಬಹುದು. ಮೊಬೈಲ್ ಫೋನಿನಂತಹ ವಸ್ತುಗಳನ್ನು ಮೊದಲಿಗೇ ಹಿಡಿಯಬೇಡಿರಿ. ಅವುಗಳ ಬಿಡಿಭಾಗಗಳು ಹಲವು ದೇಶಗಳಿಂದ ಬಂದು ಇಲ್ಲಿ ಜೋಡಣೆಯಾಗುವುದರಿಂದ ಸ್ಪಷ್ಟವಾದ ಉತ್ತರ ದೊರೆಯುವುದು ಕಷ್ಟ, ಮತ್ತು ಅದರಿಂದ ಉತ್ಸಾಹ ಕುಗ್ಗುತ್ತದೆ.

ಪ್ರತಿ ವಸ್ತುವಿಗೂ ಕೇಳಬೇಕಾದ ಪ್ರಶ್ನೆಗಳು ಮೂರು. ಕಚ್ಚಾ ಪದಾರ್ಥ ಎಲ್ಲಿಂದ ಬಂದಿದೆ, ವಸ್ತುವನ್ನು ಯಾವ ಊರಿನಲ್ಲಿ ತಯಾರಿಸಿದ್ದಾರೆ, ತಯಾರಿಸಿದವರು ಯಾರ ಹಾಜರಿ ಪುಸ್ತಕದಲ್ಲಿದ್ದಾರೆ. ಸ್ವದೇಶಿಯ ಕರೆಗಳು ಬಹುಮಟ್ಟಿಗೆ ಮಾಲೀಕನು ಯಾವ ದೇಶದವನು ಎಂಬ ನಾಲ್ಕನೆಯ ಪ್ರಶ್ನೆಯೊಂದರ ಸುತ್ತಲೇ ಸುತ್ತುತ್ತವೆ. ಆ ಪ್ರಶ್ನೆ ನಿರರ್ಥಕವಲ್ಲ, ಏಕೆಂದರೆ ಲಾಭ ಎಲ್ಲಿಗೆ ಹೋಗುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಆದರೆ ನೌಕರಿಯ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಭಾರತೀಯ ಮಾಲೀಕನ ವಸ್ತು ಹೊರದೇಶದಲ್ಲಿ ತಯಾರಾಗಬಹುದು, ವಿದೇಶಿ ಮಾಲೀಕನ ವಸ್ತು ನಮ್ಮ ಪಕ್ಕದ ತಾಲ್ಲೂಕಿನಲ್ಲಿಯೇ ತಯಾರಾಗಬಹುದು.

ಪ್ಯಾಕೆಟ್ ಓದುವ ಕ್ರಮ

ಪೊಟ್ಟಣಗಳ ಮೇಲೆ ಏನನ್ನು ಮುದ್ರಿಸಬೇಕು ಎಂಬುದನ್ನು 2011ರ ಕಾನೂನು ಮಾಪನಶಾಸ್ತ್ರ ಪೊಟ್ಟಣ ಸರಕುಗಳ ನಿಯಮಗಳು ಗೊತ್ತುಪಡಿಸಿವೆ. ತಯಾರಕರ ಹೆಸರು ಮತ್ತು ವಿಳಾಸ, ತಯಾರಕರೂ ಪ್ಯಾಕ್ ಮಾಡಿದವರೂ ಬೇರೆಯಾಗಿದ್ದರೆ ಇಬ್ಬರ ವಿವರ, ಆಮದಾದ ವಸ್ತುವಾಗಿದ್ದರೆ ಆಮದುದಾರರ ವಿಳಾಸ ಮತ್ತು ಮೂಲ ದೇಶದ ಹೆಸರು, ದೂರು ಕೊಡಬೇಕಾದ ವಿಳಾಸ ಇವೆಲ್ಲ ಇರಲೇಬೇಕು. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ಹಿಂಬದಿಯ ಸಣ್ಣ ಅಕ್ಷರಗಳಿಂದ ಓದಲು ಆರಂಭಿಸಿರಿ. ಮಾರಾಟ ಮಾಡುವವರು ಎಂದು ಮುಂಬೈಯ ಒಂದು ಹೆಸರು, ತಯಾರಿಸಿದವರು ಎಂದು ಬೇರೊಂದು ರಾಜ್ಯದ ಇನ್ನೊಂದು ಹೆಸರು ಇದ್ದರೆ, ಆ ಪ್ರಸಿದ್ಧ ಕಂಪನಿಯು ಈ ವಸ್ತುವನ್ನು ಸ್ವತಃ ತಯಾರಿಸುತ್ತಿಲ್ಲ, ಮತ್ತೊಬ್ಬರಿಂದ ಮಾಡಿಸಿ ತನ್ನ ಮುದ್ರೆ ಒತ್ತುತ್ತಿದೆ ಎಂದರ್ಥ. ಅದು ಅಕ್ರಮವಲ್ಲ. ಎಷ್ಟೋ ಸಣ್ಣ ಕಾರ್ಖಾನೆಗಳು ಅಂತಹ ಆದೇಶಗಳಿಂದಲೇ ನಡೆಯುತ್ತವೆ. ಆದರೆ ಸ್ವದೇಶಿಯ ಜಾಹೀರಾತಿನಲ್ಲಿ ಕಾಣುವ ಕಂಪನಿಗೂ ವಸ್ತುವನ್ನು ತಯಾರಿಸಿದ ಕೈಗಳಿಗೂ ನೇರ ಸಂಬಂಧವಿಲ್ಲವೆಂಬುದು ಆಗ ಸ್ಪಷ್ಟವಾಗುತ್ತದೆ.

ಹಲವು ಪ್ಯಾಕೆಟ್ಟುಗಳ ಮೇಲೆ ನಾಲ್ಕೈದು ಕಾರ್ಖಾನೆಗಳ ವಿಳಾಸಗಳನ್ನು ಎ, ಬಿ, ಸಿ ಎಂದು ಗುರುತು ಹಾಕಿ ಕೊಟ್ಟಿರುತ್ತಾರೆ. ನಿಮ್ಮ ಕೈಯಲ್ಲಿರುವ ಪ್ಯಾಕೆಟ್ ಅವುಗಳಲ್ಲಿ ಎಲ್ಲಿಯದು ಎಂದು ತಿಳಿಯಲು ಬ್ಯಾಚ್ ಸಂಖ್ಯೆಯಲ್ಲಿರುವ ಅಕ್ಷರವನ್ನು ನೋಡಬೇಕು. ಅದನ್ನು ಹೇಗೆ ನೋಡಬೇಕೆಂಬ ಸೂಚನೆಯೂ ಅಲ್ಲಿಯೇ ಒಂದು ಸಾಲಿನಲ್ಲಿರುತ್ತದೆ. ತಿನ್ನುವ ಪದಾರ್ಥಗಳಾದರೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರುತ್ತದೆ. ಅದರ ಎರಡನೆಯ ಮತ್ತು ಮೂರನೆಯ ಅಂಕಿಗಳು ರಾಜ್ಯದ ಸಂಕೇತ. ಆಹಾರ ಸುರಕ್ಷತಾ ಪ್ರಾಧಿಕಾರದ ಜಾಲತಾಣದಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ಪರವಾನಗಿ ಪಡೆದ ಘಟಕದ ಹೆಸರು ಮತ್ತು ವಿಳಾಸ ದೊರೆಯುತ್ತದೆ. ಪ್ಯಾಕೆಟ್ಟಿನ ಮೇಲೆ ಕಂಪನಿಯ ಮುಖ್ಯ ಕಚೇರಿಯ ವಿಳಾಸ ಮಾತ್ರ ಎದ್ದು ಕಾಣುವಾಗ ಈ ದಾರಿ ಬಹಳ ಉಪಯುಕ್ತ.

ಎರಡು ತಪ್ಪು ನಂಬಿಕೆಗಳನ್ನು ಇಲ್ಲಿಯೇ ಬಿಡಬೇಕು. ಬಾರ್‌ಕೋಡ್ 890ರಿಂದ ಆರಂಭವಾದರೆ ವಸ್ತು ಭಾರತದಲ್ಲಿ ತಯಾರಾದದ್ದು ಎಂಬ ಸಂದೇಶ ವಾಟ್ಸಾಪಿನಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಆ ಸಂಖ್ಯೆಯ ಅರ್ಥ ಇಷ್ಟೇ: ಕಂಪನಿಯು ತನ್ನ ಬಾರ್‌ಕೋಡನ್ನು ಜಿಎಸ್1 ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಭಾರತೀಯ ಶಾಖೆಯಲ್ಲಿ ನೋಂದಾಯಿಸಿದೆ. ವಸ್ತು ಯಾವ ದೇಶದಲ್ಲಿ ತಯಾರಾಗಿದ್ದರೂ ಆ ಸಂಖ್ಯೆ ಬರಬಹುದು. ಎರಡನೆಯದು, ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ 29ರಿಂದ ಆರಂಭವಾದರೆ ವಸ್ತು ಕರ್ನಾಟಕದ್ದು ಎಂಬ ನಂಬಿಕೆ. 29 ಕರ್ನಾಟಕದ ಸಂಕೇತ, 27 ಮಹಾರಾಷ್ಟ್ರದ್ದು, 36 ತೆಲಂಗಾಣದ್ದು ಎಂಬುದು ನಿಜ. ಅದು ಮಾರಿದವರು ಯಾವ ರಾಜ್ಯದಲ್ಲಿ ನೋಂದಣಿಯಾಗಿದ್ದಾರೆಂದು ತಿಳಿಸುತ್ತದೆಯೇ ಹೊರತು ತಯಾರಾದ ಸ್ಥಳವನ್ನು ತಿಳಿಸುವುದಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವಾಗ ಮೂಲ ದೇಶದ ಹೆಸರನ್ನು ವಸ್ತುವಿನ ವಿವರದಲ್ಲಿ ತೋರಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಅದು ಕಾಣದಿದ್ದರೆ, ಅಥವಾ ಪುಟದಲ್ಲಿ ಒಂದು ದೇಶ, ಬಂದ ಪೊಟ್ಟಣದ ಮೇಲೆ ಮತ್ತೊಂದು ದೇಶ ಇದ್ದರೆ, ಪೊಟ್ಟಣದ ಮತ್ತು ಪುಟದ ಚಿತ್ರಗಳನ್ನು ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿರಿ. ಕನ್ನಡದಲ್ಲಿಯೇ ಮಾತನಾಡಬಹುದು. ಹಣದ ನಷ್ಟವೂ ಆಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ.

ತೊಗರಿಬೇಳೆಯ ಉದಾಹರಣೆ

ಈ ಮೂರು ಪ್ರಶ್ನೆಗಳನ್ನು ಕಲಿಯಲು ನಮ್ಮ ಭಾಗದವರಿಗೆ ತೊಗರಿಬೇಳೆಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಸುಣ್ಣಕಲ್ಲಿನ ಅಂಶವಿರುವ ಇಲ್ಲಿನ ಕಪ್ಪು ಮಣ್ಣಿನಿಂದ ಬರುವ ರುಚಿ ಮತ್ತು ಗುಣವನ್ನು ಅದರಲ್ಲಿ ಗುರುತಿಸಲಾಗಿದೆ. ತೊಗರಿ ಅಭಿವೃದ್ಧಿ ಮಂಡಳಿಯೂ ಕಲಬುರಗಿಯಲ್ಲಿಯೇ ಇದೆ. ಹೀಗಿದ್ದರೂ ಕಲಬುರಗಿಯ ಕಿರಾಣಿ ಅಂಗಡಿಯಲ್ಲಿ ಕೊಂಡ ಬೇಳೆ ಕಲಬುರಗಿಯ ಹೊಲದ್ದೇ ಆಗಿರಬೇಕೆಂದಿಲ್ಲ.

ಏಕೆಂದರೆ ದೇಶಕ್ಕೆ ಬೇಕಾಗುವಷ್ಟು ತೊಗರಿ ಇಲ್ಲಿ ಬೆಳೆಯುವುದಿಲ್ಲ. 2016ರಲ್ಲಿ ಭಾರತವು ಮೊಜಾಂಬಿಕ್ ದೇಶದೊಂದಿಗೆ ತೊಗರಿ ಖರೀದಿಯ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ಅದನ್ನು ವರ್ಷಕ್ಕೆ 2 ಲಕ್ಷ ಟನ್ನಿನಂತೆ ಮತ್ತೆ ಐದು ವರ್ಷಗಳಿಗೆ ಮುಂದುವರಿಸಿ, ಮಲಾವಿಯಿಂದ ವರ್ಷಕ್ಕೆ 50 ಸಾವಿರ ಟನ್, ಮ್ಯಾನ್ಮಾರಿನಿಂದ 1 ಲಕ್ಷ ಟನ್ ತರಿಸುವ ಒಪ್ಪಂದಗಳನ್ನೂ ಮಾಡಿಕೊಂಡಿತು. ಅದೇ ವರ್ಷದ ಮೇ ತಿಂಗಳಿನಲ್ಲಿ ತೊಗರಿಯ ಆಮದನ್ನು ನಿರ್ಬಂಧಗಳಿಂದ ಮುಕ್ತಗೊಳಿಸಲಾಯಿತು, ಆ ಸಡಿಲಿಕೆಯ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ನಮ್ಮ ರೈತರ ತೊಗರಿ ಗಂಜ್‌ಗೆ, ಎಂದರೆ ಧಾನ್ಯದ ಮಾರುಕಟ್ಟೆಗೆ, ಬರುವುದು ಡಿಸೆಂಬರಿನಿಂದ ಫೆಬ್ರವರಿಯವರೆಗೆ. ಆ ವೇಳೆಗೆ ಬಂದರುಗಳಲ್ಲಿ ಹೊರದೇಶದ ಕಾಳು ಕಡಿಮೆ ಬೆಲೆಗೆ ಸಿಗುತ್ತಿದ್ದರೆ ಕಲಬುರಗಿಯ ನೆಹರು ಗಂಜಿನ ದರವೂ ಕುಸಿಯುತ್ತದೆ. 2025-26ಕ್ಕೆ ಕೇಂದ್ರವು ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಿಸಿದೆ, ಹಿಂದಿನ ವರ್ಷ ಅದು 7,550 ಇತ್ತು. ಪೇಟೆಯ ದರ ಅದಕ್ಕಿಂತ ಕೆಳಗಿಳಿದರೆ ರೈತನು ಖರೀದಿ ಕೇಂದ್ರದ ಮುಂದೆ ಸಾಲಿನಲ್ಲಿ ನಿಲ್ಲಬೇಕು, ಇಲ್ಲವೆ ಅಡತಿಯವರ ಬೆಲೆಗೆ ಕೊಡಬೇಕು. ಅದೇ ಸರ್ಕಾರಗಳು ಸ್ವದೇಶಿಯ ಮಾತನ್ನಾಡುವಾಗ ನಮ್ಮ ರೈತರಿಗೆ ನೋವಾಗುವುದು ಸಹಜ. ಬೆಲೆ ಏರಿದಾಗ ಬಡವರ ಮನೆಯ ಸಾರಿಗೆ ಬೇಳೆ ಸಿಗಬೇಕೆಂಬ ಒತ್ತಡವೂ ನಿಜವೇ. ಆದರೂ ಸುಗ್ಗಿಯ ಮೂರು ತಿಂಗಳಾದರೂ ಆಮದಿಗೆ ತಡೆಯಿರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಈಗ ಎರಡನೆಯ ಪ್ರಶ್ನೆಗೆ ಬನ್ನಿರಿ. ಕಾಳು ಬೇಳೆಯಾಗುವುದು ದಾಲ್ ಮಿಲ್ಲಿನಲ್ಲಿ. ಕಾಳನ್ನು ಹಸನು ಮಾಡುವುದು, ಎಣ್ಣೆ ಹಚ್ಚಿ ಒಣಗಿಸುವುದು, ಸಿಪ್ಪೆ ಬಿಡಿಸಿ ಒಡೆಯುವುದು, ಜರಡಿ ಹಿಡಿಯುವುದು, ಚೀಲ ತುಂಬಿ ಲಾರಿಗೆ ಏರಿಸುವುದು, ಈ ಪ್ರತಿಯೊಂದು ಹಂತದಲ್ಲಿಯೂ ಯಾರದೋ ಕೂಲಿಯಿದೆ. ನೂರು ಕಿಲೋ ಕಾಳಿನಲ್ಲಿ ಸುಮಾರು ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬರುತ್ತದೆ, ಉಳಿದ ಹೊಟ್ಟು ಮತ್ತು ಚುನ್ನಿ ದನಗಳ ಮೇವಿಗೆ ಹೋಗಿ ಇನ್ನೊಂದು ವ್ಯಾಪಾರವನ್ನು ಸಾಕುತ್ತದೆ. ಕಲಬುರಗಿಯ ಕಾಳು ಅಕೋಲಾಕ್ಕೋ ಲಾತೂರಿಗೋ ಹೋಗಿ ಅಲ್ಲಿ ಬೇಳೆಯಾದರೆ ಹೊಲದ ದುಡಿಮೆ ನಮ್ಮದು, ಮಿಲ್ಲಿನ ದುಡಿಮೆ ಅಲ್ಲಿಯದು. ಮೊಜಾಂಬಿಕ್‌ನ ಕಾಳು ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಮಿಲ್ಲಿಗೆ ಬಂದು ಒಡೆದರೆ ಹೊಲದ ದುಡಿಮೆ ಅಲ್ಲಿಯದು, ಹಮಾಲರ ಕೂಲಿ ನಮ್ಮವರದು. ಇವೆರಡರಲ್ಲಿ ಯಾವುದು ಹೆಚ್ಚು ಸ್ವದೇಶಿ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ನನ್ನ ಮಟ್ಟಿಗೆ ಹೊಲದ ಲೆಕ್ಕ ಮೊದಲು, ಏಕೆಂದರೆ ತೊಗರಿಯನ್ನು ನಂಬಿದ ಕುಟುಂಬಗಳ ಸಂಖ್ಯೆ ಮಿಲ್ಲನ್ನು ನಂಬಿದವರಿಗಿಂತ ಬಹಳ ದೊಡ್ಡದು. ಮಳೆಯಾಶ್ರಿತ ಹೊಲದಲ್ಲಿ ಅವರಿಗೆ ಬೇರೆ ಬೆಳೆಯ ಆಯ್ಕೆಯೂ ಕಡಿಮೆ.

ಕೊಳ್ಳುವಾಗ ಹೀಗೆ ಮಾಡಬಹುದು. ಬಿಡಿ ಬೇಳೆ ಕೊಳ್ಳುವವರು ಅಂಗಡಿಯವರನ್ನು ಚೀಲದ ಮೇಲಿನ ಮಿಲ್ಲಿನ ಹೆಸರು ತೋರಿಸುವಂತೆ ವಿನಯದಿಂದ ಕೇಳಿರಿ. ಚೀಲ ಒಡೆದು ಡಬ್ಬಿಗೆ ಸುರಿಯುವವರಿಗೂ ಆ ಹೆಸರು ಗೊತ್ತಿರುತ್ತದೆ. ಪ್ಯಾಕೆಟ್ ಕೊಳ್ಳುವವರು ಭೌಗೋಳಿಕ ಸೂಚಿಕೆಯ ಮುದ್ರೆಯನ್ನು ಹುಡುಕಿರಿ. ಪಾಲಿಶ್ ಮಾಡದ ಬೇಳೆ ನೋಡಲು ಮಂಕಾಗಿದ್ದರೂ ರುಚಿ ಹೆಚ್ಚು. ಎಲ್ಲಕ್ಕಿಂತ ಒಳ್ಳೆಯ ದಾರಿಯೆಂದರೆ, ಮೂರು ನಾಲ್ಕು ಮನೆಯವರು ಕೂಡಿ ಜನವರಿಯಲ್ಲಿ ಪರಿಚಯದ ರೈತರಿಂದ ಅಥವಾ ರೈತ ಉತ್ಪಾದಕರ ಕಂಪನಿಯಿಂದ ಒಂದೆರಡು ಕ್ವಿಂಟಲ್ ಕಾಳು ಕೊಂಡು, ಸಮೀಪದ ಸಣ್ಣ ಮಿಲ್ಲಿನಲ್ಲಿ ಕೂಲಿ ಕೊಟ್ಟು ಒಡೆಸಿ, ವರ್ಷದ ಬೇಳೆಯನ್ನು ಹಂಚಿಕೊಳ್ಳುವುದು. ನಮ್ಮ ಹಿರಿಯರು ಮನೆಯಲ್ಲಿಯೇ ಬೀಸಿ ಒಡೆದು ಇಡುತ್ತಿದ್ದುದೂ ಹೀಗೆಯೇ. ಆಗ ಮೂರೂ ಪ್ರಶ್ನೆಗಳಿಗೆ ಉತ್ತರ ನಿಮ್ಮ ಕಣ್ಣಮುಂದೆಯೇ ಇರುತ್ತದೆ.

ಬೀದರಿನ ಬಿದ್ರಿ ಕುಸುರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿಯ ತಂತಿಯನ್ನು ಕೂರಿಸಿ ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವ ಆ ಕೆಲಸವನ್ನು ಚೌಬಾರದ ಸುತ್ತಿನ ಓಣಿಗಳಲ್ಲಿ ಕುಶಲಕರ್ಮಿಗಳ ಎದುರಿಗೇ ಕುಳಿತು ನೋಡಿ ಕೊಳ್ಳಬಹುದು. ಸನ್ಮಾನದ ಕಾಣಿಕೆಗಳನ್ನು ದೊಡ್ಡ ಪ್ರಮಾಣದಲ್ಲಿ ತರಿಸುವ ಸಂಘಸಂಸ್ಥೆಗಳು ಮಧ್ಯವರ್ತಿಯನ್ನು ಬಿಟ್ಟು ಅಲ್ಲಿಗೇ ಆದೇಶ ಕೊಡಲಿ.

ಕಾರ್ಖಾನೆ ಇಲ್ಲಿದೆ, ನೌಕರಿ ಯಾರ ಪುಸ್ತಕದಲ್ಲಿದೆ

ಮೂರನೆಯ ಪ್ರಶ್ನೆ ಅತ್ಯಂತ ಕಠಿಣವಾದದ್ದು ಮತ್ತು ಹೆಚ್ಚು ಮರೆಯಲ್ಲಿರುವುದು. ಸಿಮೆಂಟಿಗೆ ವಾಡಿ, ಸೇಡಂ, ಮಳಖೇಡಗಳು ಹೆಸರಾಗಿವೆ. ಯಾದಗಿರಿ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶಕ್ಕಾಗಿ ಸಾವಿರಾರು ಎಕರೆ ಜಮೀನು ಹೋಗಿದೆ. ಬೀದರಿನಲ್ಲಿ ಕೊಳಾರ ಕೈಗಾರಿಕಾ ಪ್ರದೇಶವಿದೆ. 2023ರಲ್ಲಿ ಕೇಂದ್ರವು ಘೋಷಿಸಿದ ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಲ್ಲಿ ಕಲಬುರಗಿಯದೂ ಒಂದು. ಒಂದು ಕಾಲಕ್ಕೆ ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಕಾಯಂ ನೌಕರಿಯೆಂದರೆ ಇಡೀ ಮನೆತನ ನೆಮ್ಮದಿಯಿಂದ ಇರುವಂಥದ್ದಾಗಿತ್ತು. ಆ ಮಿಲ್ಲು ಮುಚ್ಚಿ ಈಗ ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಹೊಸದಾಗಿ ಬರುವ ಕಾರ್ಖಾನೆಗಳಲ್ಲಿ ಅಂತಹ ನೌಕರಿಗಳು ಎಷ್ಟು, ಏಜೆನ್ಸಿಯ ಮೂಲಕ ಬರುವ ಹನ್ನೊಂದು ತಿಂಗಳ ಕೆಲಸಗಳು ಎಷ್ಟು ಎಂದು ಕೇಳುವ ಹಕ್ಕು ಜಮೀನು ಕೊಟ್ಟ ಊರಿನವರಿಗಿದೆ, ಆ ವಸ್ತುವನ್ನು ಕೊಳ್ಳುವವರಿಗೂ ಇದೆ.

ತಿಳಿದುಕೊಳ್ಳುವ ದಾರಿಗಳು ಎರಡು. ಷೇರುಪೇಟೆಯಲ್ಲಿರುವ ಅತಿದೊಡ್ಡ 1,000 ಕಂಪನಿಗಳು 2022-23ರಿಂದ ಪ್ರತಿ ವರ್ಷ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಪ್ರಕಟಿಸಬೇಕು. ಕಂಪನಿಯ ಜಾಲತಾಣದಲ್ಲಿ ಹೂಡಿಕೆದಾರರ ವಿಭಾಗಕ್ಕೆ ಹೋಗಿ ವಾರ್ಷಿಕ ವರದಿಯನ್ನು ತೆರೆದರೆ ಅದು ಸಿಗುತ್ತದೆ. ಅದರ ಆರಂಭದ ಕೋಷ್ಟಕದಲ್ಲಿ ಕಾಯಂ ಕಾರ್ಮಿಕರು ಎಷ್ಟು, ಕಾಯಂ ಅಲ್ಲದವರು ಎಷ್ಟು, ಅವರಲ್ಲಿ ಮಹಿಳೆಯರು ಎಷ್ಟು ಎಂಬ ವಿವರವಿರುತ್ತದೆ. ಎಂಟನೆಯ ತತ್ತ್ವದ ಅಡಿಯಲ್ಲಿ, ಕಚ್ಚಾ ಪದಾರ್ಥದಲ್ಲಿ ಶೇಕಡಾ ಎಷ್ಟು ಪಾಲನ್ನು ಸಣ್ಣ ಉದ್ದಿಮೆಗಳಿಂದ ಕೊಂಡರು, ಎಷ್ಟು ದೇಶದ ಒಳಗಿನಿಂದ ಬಂತು, ಗ್ರಾಮೀಣ ಪ್ರದೇಶ ಮತ್ತು ಸಣ್ಣ ಪಟ್ಟಣಗಳಲ್ಲಿ ಕೊಟ್ಟ ವೇತನದ ಪಾಲೆಷ್ಟು ಎಂಬುದನ್ನೂ ಹೇಳಬೇಕು. ಎರಡು ಮೂರು ವರ್ಷಗಳ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಕಾಯಂ ಸಾಲಿನ ಸಂಖ್ಯೆ ಇಳಿಯುತ್ತ ಇನ್ನೊಂದು ಸಾಲು ಏರುತ್ತಿದ್ದರೆ, ಆ ಕಂಪನಿಯ ಸ್ವದೇಶಿ ಜಾಹೀರಾತನ್ನು ಎಷ್ಟರ ಮಟ್ಟಿಗೆ ನಂಬಬೇಕೆಂದು ನೀವೇ ತೀರ್ಮಾನಿಸಬಹುದು. ಇಂಗ್ಲಿಷಿನ ಆ ಪುಟಗಳನ್ನು ಓದಲು ಮನೆಯಲ್ಲಿ ಪದವಿ ಓದುತ್ತಿರುವ ಮಗ ಅಥವಾ ಮಗಳ ಸಹಾಯ ಪಡೆಯಿರಿ. ನೌಕರಿ ಹುಡುಕಲು ಹೊರಡುವ ಮೊದಲು ಅವರೂ ನೋಡಿರಬೇಕಾದ ಪುಟಗಳವು.

ಎರಡನೆಯ ದಾರಿ ಭವಿಷ್ಯ ನಿಧಿಯದು. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಭವಿಷ್ಯ ನಿಧಿಯಲ್ಲಿ ನೋಂದಣಿಯಾಗಿರಬೇಕು. ನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ ಅದು ಯಾವ ತಿಂಗಳಿಗೆ ಎಷ್ಟು ನೌಕರರ ಪರವಾಗಿ ಹಣ ಕಟ್ಟಿದೆ ಎಂಬುದು ಯಾರಿಗೂ ಕಾಣುತ್ತದೆ. ಕಾರ್ಖಾನೆಯ ಹೆಸರಿನಲ್ಲಿ ಬೆರಳೆಣಿಕೆಯ ನೌಕರರು ಮಾತ್ರ ಕಂಡು, ಗೇಟಿನ ಒಳಗೆ ನೂರಾರು ಜನ ಹೋಗಿಬರುತ್ತಿದ್ದರೆ, ಉಳಿದವರು ಗುತ್ತಿಗೆದಾರರ ಹೆಸರಿನಲ್ಲಿದ್ದಾರೆ ಅಥವಾ ಎಲ್ಲಿಯೂ ಇಲ್ಲ ಎಂದರ್ಥ. ನಿಮ್ಮ ಮನೆಯವರೇ ಅಂತಹ ಕೆಲಸದಲ್ಲಿದ್ದರೆ ಅವರ ಭವಿಷ್ಯ ನಿಧಿ ಖಾತೆಯ (ಯುಎಎನ್) ಪಾಸ್‌ಬುಕ್ಕಿನಲ್ಲಿ ಮಾಲೀಕರೆಂದು ಯಾರ ಹೆಸರಿದೆ, ಪ್ರತಿ ತಿಂಗಳೂ ನೌಕರನ ಮತ್ತು ಮಾಲೀಕನ ಎರಡೂ ಪಾಲು ಜಮೆಯಾಗಿದೆಯೇ ಎಂದು ಪರೀಕ್ಷಿಸಿ, ವೇತನ ಚೀಟಿಯನ್ನು ತಪ್ಪದೆ ಕೇಳಿ ಪಡೆಯಲು ಹೇಳಿರಿ. ಗುತ್ತಿಗೆದಾರನು ವೇತನ ಕೊಡದೆ ಹೋದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕೆಂಬ ನಿಯಮ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿಯೂ ಆ ಹೊಣೆ ಉಳಿದಿದೆ, ಕೆಲವು ವಿನಾಯಿತಿಗಳೊಂದಿಗೆ ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದೆಂದೂ ಅದು ಹೇಳುತ್ತದೆ. ಆದರೆ 50ಕ್ಕಿಂತ ಕಡಿಮೆ ಗುತ್ತಿಗೆ ಕಾರ್ಮಿಕರಿರುವ ಕಡೆ ಸಂಹಿತೆಯ ಆ ಭಾಗ ಅನ್ವಯಿಸುವುದಿಲ್ಲ. ಹಿಂದೆ ಈ ಮಿತಿ 20 ಇತ್ತು. ಸಣ್ಣ ಮಿಲ್ಲುಗಳಲ್ಲಿ ದುಡಿಯುವವರಿಗೆ ಇದು ದೊಡ್ಡ ನಷ್ಟವೆಂದೇ ನಾನು ಭಾವಿಸುತ್ತೇನೆ.

ಸೇವೆಗಳನ್ನೂ ಮರೆಯಬಾರದು. ಬ್ಯಾಂಕು, ವಿಮೆ, ಮೊಬೈಲ್ ಕಂಪನಿಗಳ ಸಹಾಯವಾಣಿಗೆ ಕರೆ ಮಾಡಿದಾಗ ಹಿಂದಿ ಅಥವಾ ಇಂಗ್ಲಿಷಿಗೆ ತೃಪ್ತರಾಗದೆ ಪ್ರತಿ ಸಲವೂ ಕನ್ನಡದಲ್ಲಿಯೇ ಉತ್ತರ ಕೇಳಿರಿ. ಕನ್ನಡ ಬಲ್ಲವರ ಅವಶ್ಯಕತೆ ದಾಖಲಾದಷ್ಟೂ ಆ ಕುರ್ಚಿಗಳನ್ನು ಕನ್ನಡನಾಡಿನಿಂದ ಹೊರಗೆ ಸಾಗಿಸುವುದು ಕಂಪನಿಗೆ ಕಷ್ಟವಾಗುತ್ತದೆ.

ಕಂಪನಿಗೆ ಬರೆಯುವ ಪತ್ರ

ಅಂಗಡಿಯವರೊಂದಿಗೆ ವಾದಕ್ಕೆ ಇಳಿಯಬೇಡಿರಿ. ಅವರು ವಿತರಕರು ಕೊಟ್ಟದ್ದನ್ನು ಮಾರುವವರು, ಅವರ ಲಾಭವೂ ಅಲ್ಪ. ಪ್ರಶ್ನೆಯನ್ನು ಪ್ಯಾಕೆಟ್ಟಿನ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆದು ಕಳಿಸಬೇಕು. ಪತ್ರ ಚಿಕ್ಕದಾಗಿರಲಿ, ಆರೋಪಗಳಿಲ್ಲದಿರಲಿ, ಉತ್ತರ ಕೊಡಬಹುದಾದ ಪ್ರಶ್ನೆಗಳೇ ಇರಲಿ. ಈ ಮಾದರಿಯನ್ನು ಬಳಸಬಹುದು.

"ಮಾನ್ಯರೇ, ನಾವು ಕಲಬುರಗಿಯ ನಿವಾಸಿಗಳು. ತಮ್ಮ ಸಂಸ್ಥೆಯ ವಸ್ತುವನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇವೆ. ಸ್ವದೇಶಿ ವಸ್ತುಗಳನ್ನು ಕೊಳ್ಳುವಂತೆ ತಾವು ಜಾಹೀರಾತಿನಲ್ಲಿ ಕೇಳಿಕೊಂಡಿರುವುದನ್ನು ಗಮನಿಸಿದ್ದೇವೆ. ಆ ವಿಷಯದಲ್ಲಿ ತಮ್ಮಿಂದ ಕೆಳಗಿನ ಮಾಹಿತಿಯನ್ನು ಕೋರುತ್ತೇವೆ. ಪ್ಯಾಕೆಟ್ಟಿನ ಮೇಲಿನ ಬ್ಯಾಚ್ ಸಂಖ್ಯೆಯ ಈ ವಸ್ತು ಯಾವ ಊರಿನ ಕಾರ್ಖಾನೆಯಲ್ಲಿ ತಯಾರಾಗಿದೆ? ಆ ಕಾರ್ಖಾನೆ ತಮ್ಮದೇ ಅಥವಾ ಬೇರೆಯವರದೇ? ಅಲ್ಲಿ ಕಾಯಂ ಕಾರ್ಮಿಕರು ಮತ್ತು ಗುತ್ತಿಗೆ ಕಾರ್ಮಿಕರು ಎಷ್ಟು ಜನರಿದ್ದಾರೆ? ಕಚ್ಚಾ ಪದಾರ್ಥದಲ್ಲಿ ಆಮದಾದ ಪಾಲು ಎಷ್ಟು? ತಮ್ಮ ಉತ್ತರವನ್ನು ಆಧರಿಸಿ ಮುಂದಿನ ಖರೀದಿಯನ್ನು ನಿರ್ಧರಿಸುತ್ತೇವೆ. ತಮ್ಮ ವಿಶ್ವಾಸಿಗಳು."

ಪತ್ರವನ್ನು ಒಬ್ಬರೇ ಬರೆಯುವುದಕ್ಕಿಂತ ಸ್ವಸಹಾಯ ಸಂಘ, ಬಡಾವಣೆಯ ಸಂಘ ಅಥವಾ ಬಸವ ಸಮಿತಿಯಂತಹ ಸಂಸ್ಥೆಯ ಸದಸ್ಯರು ಕೂಡಿ ಸಹಿ ಹಾಕಿ ಕಳಿಸುವುದು ಮೇಲು. ಒಂದು ತಿಂಗಳು ಕಾಯಿರಿ. ಕಂಪನಿಯು ನಿಜವಾದ ವಿವರ ಕೊಟ್ಟರೆ, ಆ ವಿವರ ನಿಮಗೆ ಪೂರ್ತಿ ಒಪ್ಪಿಗೆಯಾಗದಿದ್ದರೂ, ಉತ್ತರಿಸಿದ್ದಕ್ಕೆ ಧನ್ಯವಾದ ತಿಳಿಸಿರಿ. ದೇಶಪ್ರೇಮದ ಮಾತುಗಳಷ್ಟೇ ಬಂದು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ, ಸಾಧ್ಯವಾದ ವಸ್ತುಗಳಲ್ಲಿ ಸ್ಥಳೀಯ ತಯಾರಕರ ಕಡೆಗೆ ಸರಿಯಿರಿ, ಮತ್ತು ಹಾಗೆ ಸರಿದಿರುವುದನ್ನು ಕಾರಣದೊಂದಿಗೆ ಎರಡನೆಯ ಪತ್ರದಲ್ಲಿ ಬರೆದು ತಿಳಿಸಿರಿ. ಹೇಳದೆ ಬಿಟ್ಟ ಗ್ರಾಹಕ ಕಂಪನಿಗೆ ಬರಿಯ ಒಂದು ಅಂಕಿ. ಕಾರಣ ಹೇಳಿ ಬಿಟ್ಟವರ ಪತ್ರ ಯಾರಾದರೊಬ್ಬ ಅಧಿಕಾರಿಯ ಮೇಜಿಗೆ ಹೋಗುತ್ತದೆ.

ಸರ್ಕಾರದ ಖರೀದಿ

ಮನೆಗಳ ಖರೀದಿಗಿಂತ ದೊಡ್ಡದು ಸರ್ಕಾರಿ ಕಚೇರಿಗಳು, ಆಸ್ಪತ್ರೆಗಳು, ನಗರ ಪಾಲಿಕೆ ಮತ್ತು ವಿಶ್ವವಿದ್ಯಾಲಯಗಳ ಖರೀದಿ. 2017ರ ಕೇಂದ್ರದ ಆದೇಶದ ಪ್ರಕಾರ, 2020ರ ತಿದ್ದುಪಡಿಯ ನಂತರ, ಮೌಲ್ಯದಲ್ಲಿ ಕನಿಷ್ಠ ಶೇಕಡಾ 50ರಷ್ಟು ದೇಶೀಯ ಅಂಶವಿರುವ ಸರಬರಾಜುದಾರರು ಮೊದಲ ವರ್ಗ, 20ರಿಂದ 50ರೊಳಗಿನವರು ಎರಡನೆಯ ವರ್ಗ. ಕೇಂದ್ರ ಸರ್ಕಾರದ ಕಚೇರಿಗಳು ಮೊದಲ ವರ್ಗದವರಿಗೆ ಆದ್ಯತೆ ಕೊಡಬೇಕು. ಸ್ವದೇಶಿ ಎಂದರೆ ಎಷ್ಟು ಎಂಬ ಪ್ರಶ್ನೆಗೆ ಸರ್ಕಾರವೇ ಕೊಟ್ಟಿರುವ ಈ ಅಳತೆಯನ್ನು ಕಂಪನಿಗಳ ಜಾಹೀರಾತನ್ನು ತೂಗಲು ನಾವೂ ಬಳಸಬಹುದು. ಇನ್ನು ರಾಜ್ಯದ ಕೈಗಾರಿಕಾ ನೀತಿಯ ರಿಯಾಯಿತಿ ಪಡೆದ ಉದ್ದಿಮೆಗಳು ಒಟ್ಟಾರೆ ಶೇಕಡಾ 70ರಷ್ಟು ಕೆಲಸವನ್ನು ಕನ್ನಡಿಗರಿಗೆ ಕೊಡಬೇಕೆಂಬ ಷರತ್ತು 2020-25ರ ನೀತಿಯಲ್ಲಿತ್ತು.

ಇವು ಜಾರಿಯಾಗಿವೆಯೇ ಎಂದು ತಿಳಿಯಲು ಮಾಹಿತಿ ಹಕ್ಕು ಅರ್ಜಿಯೇ ಸಾಧನ. ಸರ್ಕಾರಿ ಕಚೇರಿಯಲ್ಲಿ ಏಜೆನ್ಸಿಯ ಮೂಲಕ ಎಷ್ಟು ಜನ ಕೆಲಸದಲ್ಲಿದ್ದಾರೆ, ಪ್ರತಿಯೊಬ್ಬರಿಗಾಗಿ ಏಜೆನ್ಸಿಗೆ ಪಾವತಿಸುವ ಮೊತ್ತವೆಷ್ಟು, ನೌಕರನ ಖಾತೆಗೆ ಸೇರುವ ಮೊತ್ತವೆಷ್ಟು ಎಂದು ಕೇಳಿರಿ. ನಡುವೆ ಉಳಿಯುವ ಅಂತರವೇ ಬಹಳಷ್ಟನ್ನು ಹೇಳುತ್ತದೆ. ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗಕ್ಕೆ ದೊರೆತಿರುವ ನೌಕರಿಯ ಮೀಸಲಾತಿಯು ಸರ್ಕಾರಿ ಹುದ್ದೆಗಳಿಗೆ ಸಂಬಂಧಿಸಿದ್ದು. ಆ ಹುದ್ದೆಯನ್ನು ಖಾಲಿಯಿಟ್ಟು ಕೆಲಸವನ್ನು ಏಜೆನ್ಸಿಯಿಂದ ಮಾಡಿಸಿದಾಗ ಮೀಸಲಾತಿಯ ಫಲ ಕೈತಪ್ಪುತ್ತದೆ. ಆದುದರಿಂದ ಮಂಜೂರಾದ ಹುದ್ದೆಗಳು, ಖಾಲಿ ಹುದ್ದೆಗಳು ಮತ್ತು ಹೊರಗುತ್ತಿಗೆಯವರ ಸಂಖ್ಯೆಯನ್ನು ಒಂದೇ ಅರ್ಜಿಯಲ್ಲಿ ಕೇಳುವುದು ಉತ್ತಮ. ಶುಲ್ಕ 10 ರೂಪಾಯಿ, ಅಂಚೆ ಆರ್ಡರ್ ಲಗತ್ತಿಸಬಹುದು. ಕರ್ನಾಟಕದ ನಿಯಮಗಳಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಿರಬೇಕು. ಹಾಗಾಗಿ ಸಿಬ್ಬಂದಿಯ ಲೆಕ್ಕಕ್ಕೆ ಒಂದು ಅರ್ಜಿ, ಖರೀದಿಯಲ್ಲಿನ ದೇಶೀಯ ಅಂಶದ ಪ್ರಮಾಣಪತ್ರಗಳಿಗೆ ಇನ್ನೊಂದು ಅರ್ಜಿ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ, ಅರ್ಜಿಯ ಪ್ರತಿಯನ್ನೂ ಅಂಚೆ ರಸೀದಿಯನ್ನೂ ಜೊತೆಗಿಡಿರಿ.